35 ಪರ್ಸೆಂಟ್ ಎ: ಪ್ರಿನ್ಸ್‌ಟನ್ ಒಂಟಿಯಾಗಿ ನಡೆಸಿದ ಹತ್ತು ವರ್ಷದ ಪ್ರಯೋಗ

2004ರ ಏಪ್ರಿಲ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಯ ಮೇಷ್ಟ್ರುಗಳು ಸೇರಿ ಒಂದು ಓಟ್ ಹಾಕಿದ್ರು. ಪರವಾಗಿ 156, ವಿರುದ್ಧ 84. ವಿಷಯ ಇಷ್ಟೇ, ಇನ್ಮೇಲೆ ಡಿಗ್ರಿ ಕ್ಲಾಸುಗಳಲ್ಲಿ ಕೊಡೋ ಗ್ರೇಡುಗಳಲ್ಲಿ ಎ ಪ್ಲಸ್, ಎ, ಎ ಮೈನಸ್ ಮೂರೂ ಸೇರಿ 35 ಪರ್ಸೆಂಟ್‌ಗಿಂತ ಕಮ್ಮಿ ಇರಬೇಕು, ಕೊನೇ ಎರಡು ವರ್ಷದಲ್ಲಿ ಸ್ಟೂಡೆಂಟ್ಸ್ ಸ್ವಂತವಾಗಿ ಮಾಡೋ ರಿಸರ್ಚ್ ಕೆಲಸಕ್ಕೆ ಮಾತ್ರ 55 ಪರ್ಸೆಂಟ್ ತನಕ ಸಡಿಲ ಬಿಡಬಹುದು. ಆ ಹೊತ್ತಿಗೆ ಅಲ್ಲಿ ಎ ಗುಂಪಿನ ಗ್ರೇಡುಗಳು ಹತ್ತಿರ ಹತ್ತಿರ 47 ಪರ್ಸೆಂಟ್ ಇದ್ವು. ಹತ್ತು ವರ್ಷ ಆದ್ಮೇಲೆ, 2014ರ ಅಕ್ಟೋಬರ್‌ನಲ್ಲಿ, ಅದೇ ಯೂನಿವರ್ಸಿಟಿಯ ಮೇಷ್ಟ್ರುಗಳೇ ಮತ್ತೆ ಓಟ್ ಹಾಕಿ ಆ ನಂಬರನ್ನ ಕಿತ್ತು ಹಾಕಿದ್ರು.

ಗ್ರೇಡ್ ಇನ್‌ಫ್ಲೇಷನ್, ಅಂದ್ರೆ ವರ್ಷದಿಂದ ವರ್ಷಕ್ಕೆ ಗ್ರೇಡುಗಳು ಉಬ್ಬುತ್ತಾ ಹೋಗೋದರ ಬಗ್ಗೆ ಮಾತು ಬಂದಾಗೆಲ್ಲ ಜನ ಹಾರ್ವರ್ಡ್ ಹೆಸರೇ ಎತ್ತೋದು, ಯಾಕಂದ್ರೆ ಬೈಯೋಕೆ ಅದು ಸುಲಭ. ಆದ್ರೆ ದೊಡ್ಡ ಹೆಸರಿನ ಕಾಲೇಜುಗಳು ಧಾರಾಳವಾಗಿ ಎ ಹಂಚೋದು ಮುಂದಿನ ಅಡ್ಮಿಷನ್ ಸ್ಪರ್ಧೆಯಲ್ಲಿ, ಅಂದ್ರೆ ಲಾ ಸ್ಕೂಲ್, ಮೆಡಿಕಲ್ ಸ್ಕೂಲ್, ಬಿಸಿನೆಸ್ ಸ್ಕೂಲ್ ಸೀಟುಗಳಿಗೆ ನಡೆಯೋ ಪೈಪೋಟಿಯಲ್ಲಿ, ನ್ಯಾಯವೋ ಅಲ್ವೋ ಅನ್ನೋ ಪ್ರಶ್ನೆಗೆ ಉತ್ತರ ಹುಡುಕ್ಬೇಕು ಅಂದ್ರೆ ನೋಡಬೇಕಾದ್ದು ಹಂಚಿದವರನ್ನಲ್ಲ, ಹಂಚೋದನ್ನ ನಿಲ್ಲಿಸೋಕೆ ಹೋದವರಿಗೆ ಏನಾಯ್ತು ಅನ್ನೋದನ್ನ. ಅದಕ್ಕೆ ಪ್ರಿನ್ಸ್‌ಟನ್.

ಅಲ್ಲಿಗೆ ಹೇಗೆ ಬಂದ್ರು

ಅಮೆರಿಕದ ಕಾಲೇಜುಗಳಲ್ಲಿ ಗ್ರೇಡು ಉಬ್ಬೋಕೆ ಶುರುವಾಗಿದ್ದು 1960ರ ದಶಕದಲ್ಲಿ. ವಿಯೆಟ್ನಾಂ ಯುದ್ಧದ ಕಾಲ ಅದು, ಕಾಲೇಜಲ್ಲಿ ಓದ್ತಿರೋ ಹುಡುಗ್ರಿಗೆ ಸೈನ್ಯದ ಕಡ್ಡಾಯ ಭರ್ತಿಯಿಂದ ವಿನಾಯಿತಿ ಇತ್ತು, ಫೇಲ್ ಮಾಡಿದ್ರೆ ಹುಡುಗ ನೇರವಾಗಿ ಯುದ್ಧಕ್ಕೆ ಹೋಗ್ಬೇಕಾಗಬಹುದು ಅನ್ನೋ ಯೋಚನೆ ಮೇಷ್ಟ್ರ ಕೈ ಹಿಡೀತಿತ್ತು ಅಂತ ತುಂಬಾ ಜನ ವಿವರಣೆ ಕೊಡ್ತಾರೆ. ಯುದ್ಧ ಮುಗೀತು, ಗ್ರೇಡು ಮಾತ್ರ ಕೆಳಗಿಳೀಲಿಲ್ಲ. 80ರ ದಶಕದ ಕೊನೆಯಿಂದ ಎರಡನೇ ಏರಿಕೆ. ಅದಕ್ಕೆ ಯುದ್ಧದ ಕಾರಣ ಇಲ್ಲ, ಫೀಸು ಕಟ್ಟೋ ಸ್ಟೂಡೆಂಟು ಗಿರಾಕಿ ಆಗಿದ್ದು, ಟರ್ಮ್ ಕೊನೇಲಿ ಸ್ಟೂಡೆಂಟ್ಸೇ ಮೇಷ್ಟ್ರಿಗೆ ಮಾರ್ಕ್ಸ್ ಹಾಕೋ ಫಾರ್ಮ್ ಬಂದಿದ್ದು, ಆ ಫಾರ್ಮ್ ನೋಡಿ ಮೇಷ್ಟ್ರ ಕೆಲಸ ಪರ್ಮನೆಂಟ್ ಮಾಡೋದು, ಇವೆಲ್ಲ ಸೇರಿ ಆದದ್ದು. ಸ್ಟುವರ್ಟ್ ರೋಸ್ಟಾಝರ್ ಮತ್ತು ಕ್ರಿಸ್ಟೋಫರ್ ಹೀಲಿ ಅನ್ನೋ ಇಬ್ಬರು 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ದೇಶದಲ್ಲಿ ಕೊಡೋ ಒಟ್ಟು ಗ್ರೇಡುಗಳಲ್ಲಿ 43 ಪರ್ಸೆಂಟ್ ಎ, 1960ಕ್ಕೆ ಹೋಲಿಸಿದ್ರೆ 28 ಪಾಯಿಂಟ್ ಜಾಸ್ತಿ. ಇದರೊಳಗೆ ಇನ್ನೊಂದು ಮಾತಿದೆ, ನಮ್ಮ ಪ್ರಶ್ನೆಗೆ ಅದೇ ಮುಖ್ಯ: ಖಾಸಗಿ ಕಾಲೇಜುಗಳು ಸರ್ಕಾರಿ ಯೂನಿವರ್ಸಿಟಿಗಳಿಗಿಂತ ಧಾರಾಳಿಗಳು. ಗ್ರೇಡು ದುಡ್ಡಿನ ನೋಟಿದ್ದ ಹಾಗೆ, ಎಲ್ಲರ ನೋಟಿನ ಬೆಲೆಯೂ ಒಂದೇ ಸಮ ಇಳಿದಿದ್ರೆ ಯಾರಿಗೂ ಲಾಸ್ ಇಲ್ಲ. ಇಲ್ಲಿ ಹಾಗಾಗಿಲ್ಲ.

ಹಾರ್ವರ್ಡ್ ಕಥೆಯನ್ನ ಎರಡೇ ಮಾತಲ್ಲಿ ಮುಗಿಸ್ತೀನಿ. 2001ರಲ್ಲಿ ಅಲ್ಲಿ ಡಿಗ್ರಿ ಮುಗಿಸಿದವರಲ್ಲಿ 91 ಪರ್ಸೆಂಟ್ ಜನ ಆನರ್ಸ್ ಅಂತ ಸರ್ಟಿಫಿಕೇಟ್ ತಗೊಂಡು ಹೋದ್ರು ಅನ್ನೋದು ಪೇಪರಲ್ಲಿ ಬಂದು ನಗೆಪಾಟಲಾಯ್ತು. ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು ಅಂತಾರಲ್ಲ, ಹಾಗೆ. ಆಮೇಲೆ ಆನರ್ಸ್‌ಗೆ 60 ಪರ್ಸೆಂಟ್ ಮಿತಿ ಹಾಕಿದ್ರು, ಗ್ರೇಡನ್ನ ಮುಟ್ಟಲಿಲ್ಲ. ಅಲ್ಲಿನ ರಾಜ್ಯಶಾಸ್ತ್ರದ ಹಿರಿಯ ಮೇಷ್ಟ್ರು ಹಾರ್ವಿ ಮ್ಯಾನ್ಸ್‌ಫೀಲ್ಡ್ ಒಂದು ಉಪಾಯ ಮಾಡಿದ್ರು, ಪ್ರತಿ ಸ್ಟೂಡೆಂಟ್‌ಗೂ ಎರಡು ಗ್ರೇಡು, ಆಫೀಸಿಗೆ ಕಳಿಸೋಕೆ ಊದಿಸಿದ್ದು ಒಂದು, ಅವನ ಕಿವೀಲಿ ಹೇಳೋಕೆ ನಿಜವಾದದ್ದು ಒಂದು. ನಗು ಬರುತ್ತೆ, ಆದ್ರೆ ಅಷ್ಟು ಕಟ್ಟುನಿಟ್ಟಿನ ಮನುಷ್ಯನೂ ತನ್ನ ಸ್ಟೂಡೆಂಟ್‌ಗಳು ಹೊರಗೆ ನಷ್ಟ ಅನುಭವಿಸಬಾರದು ಅಂತಲೇ ಹಾಗೆ ಮಾಡಿದ್ದು ಅನ್ನೋದನ್ನ ನೆನಪಿಟ್ಕೊಳ್ಳಿ.

ನಿಯಮ ಒಂದು, ಜನ ಓದಿಕೊಂಡಿದ್ದು ಇನ್ನೊಂದು

ಪ್ರಿನ್ಸ್‌ಟನ್‌ನಲ್ಲಿ ಈ ಕೆಲಸ ಹಚ್ಕೊಂಡಿದ್ದು ಆಗ ಡೀನ್ ಆಗಿದ್ದ ನ್ಯಾನ್ಸಿ ವೈಸ್ ಮಾಲ್ಕೀಲ್. 1987ರಿಂದ 2011ರ ತನಕ ಆ ಕುರ್ಚಿಯಲ್ಲಿ ಕೂತಿದ್ದವರು, ಇತಿಹಾಸದ ಮೇಷ್ಟ್ರು. ಅವರ ತಲೇಲಿದ್ದದ್ದು ಬರೀ ಎ ಕಮ್ಮಿ ಮಾಡೋದಲ್ಲ. ಕಾಲೇಜಿನ ಒಳಗೇ ಒಂದು ಅನ್ಯಾಯ ಇತ್ತು, ಸಾಹಿತ್ಯ, ಭಾಷೆ ಅಂತ ಹ್ಯುಮಾನಿಟೀಸ್ ಕಡೆ ಹೋದವರಿಗೆ ಎ ಸಲೀಸು, ಕೆಮಿಸ್ಟ್ರಿ, ಎಂಜಿನಿಯರಿಂಗ್ ಕಡೆಯವರಿಗೆ ಕಷ್ಟ, ಒಂದೇ ಕಾಲೇಜಿನ ಒಂದೇ ಬುದ್ಧಿಯ ಇಬ್ಬರು ಬೇರೆ ಬೇರೆ ಡಿಪಾರ್ಟ್‌ಮೆಂಟಿಗೆ ಹೋದ್ರೆ ಜಿಪಿಎ, ಅಂದ್ರೆ ಎಲ್ಲ ಗ್ರೇಡುಗಳನ್ನ ನಾಲ್ಕರ ಅಳತೆಯಲ್ಲಿ ಹಾಕಿದ ಸರಾಸರಿ, ಬೇರೆ. ಎಲ್ಲ ಡಿಪಾರ್ಟ್‌ಮೆಂಟಿಗೂ ಒಂದೇ ಅಳತೆಗೋಲು ಇಟ್ರೆ ಇದು ಸರಿಯಾಗುತ್ತೆ, ನಾವು ಮೊದಲ ಹೆಜ್ಜೆ ಇಟ್ರೆ ಉಳಿದ ದೊಡ್ಡ ಕಾಲೇಜುಗಳೂ ಹಿಂದೆ ಬರ್ತವೆ ಅನ್ನೋದು ಲೆಕ್ಕಾಚಾರ.

ನಿಯಮದ ಒಕ್ಕಣೆ ನೋಡಿದ್ರೆ ಅದು ಕ್ಲಾಸಿಗೆ ಹಾಕಿದ ಕೋಟಾ ಅಲ್ಲವೇ ಅಲ್ಲ. 35 ಪರ್ಸೆಂಟ್ ಅನ್ನೋದು ಇಡೀ ಡಿಪಾರ್ಟ್‌ಮೆಂಟಿಗೆ, ಅದೂ ಮೂರು ವರ್ಷದ ಸರಾಸರಿ ತಗೊಂಡು. ಒಂದು ಕ್ಲಾಸಲ್ಲಿ ಎಲ್ಲರೂ ಚೆನ್ನಾಗಿ ಮಾಡಿದ್ರೆ ಎಲ್ಲರಿಗೂ ಎ ಕೊಡಬಹುದು, ಇನ್ನೆಲ್ಲೋ ಸರಿದೂಗಿದ್ರೆ ಸಾಕು. ಪೇಪರಿನ ಮೇಲೆ ಇದು ಚೆಂದ. ಈಗ ಹನ್ನೆರಡು ಜನರ ಒಂದು ಸೆಮಿನಾರ್ ಕ್ಲಾಸ್ ಊಹಿಸ್ಕೊಳ್ಳಿ. ಹನ್ನೆರಡರಲ್ಲಿ 35 ಪರ್ಸೆಂಟ್ ಅಂದ್ರೆ 4.2. ಮೇಷ್ಟ್ರು ಪೇಪರುಗಳನ್ನ ತಿದ್ದಿ ಮುಗಿಸಿದ್ದಾರೆ, ನಾಲ್ಕು ಪೇಪರಿಗೆ ಎ ಅಂತ ಬರೆದಾಗಿದೆ, ಐದನೇ ಪೇಪರೂ ಅದೇ ತೂಕದ್ದು, ಆರನೇದು ಒಂದು ಕೂದಲೆಳೆ ಕಮ್ಮಿ ಅಷ್ಟೇ. ಡಿಪಾರ್ಟ್‌ಮೆಂಟಿನಿಂದ ಹೋದ ವರ್ಷದ ಲೆಕ್ಕ ಬೇರೆ ಟೇಬಲ್ ಮೇಲಿದೆ, ನಿಮ್ಮಲ್ಲಿ ಸ್ವಲ್ಪ ಜಾಸ್ತಿಯಾಯ್ತು ಅಂತ. ಮೂರು ವರ್ಷದ ಸರಾಸರಿಯ ಉಸಾಬರಿ ಆ ರಾತ್ರಿ ಯಾರಿಗೆ ಬೇಕು, ಐದನೇ ಪೇಪರಿಗೆ ಬಿ ಪ್ಲಸ್ ಬರೆದು ಲೈಟ್ ಆಫ್ ಮಾಡ್ತಾರೆ. ಬೆಳಗ್ಗೆ ಆ ಸ್ಟೂಡೆಂಟ್ ಬಂದು ಯಾಕೆ ಸಾರ್ ಅಂದ್ರೆ ಸುಲಭದ ಉತ್ತರ ಒಂದು ಬಾಯಲ್ಲಿ ರೆಡಿ ಇರುತ್ತೆ, ನಿನ್ನ ಪೇಪರ್ ಚೆನ್ನಾಗಿತ್ತು, ಏನ್ಮಾಡೋದು ಪಾಲಿಸಿ. ಇದು ನಾನು ಕಟ್ಟಿದ ದೃಶ್ಯ, ಆದ್ರೆ 2014ರಲ್ಲಿ ಪರಿಶೀಲನೆ ಮಾಡಿದ ಸಮಿತಿ ಹೇಳಿದ್ದರ ತಿರುಳೂ ಇದೇ: ಗುರಿ ಅಂತ ಇಟ್ಟ ನಂಬರನ್ನ ಜನ ಕೋಟಾ ಅಂತ ಓದಿಕೊಂಡ್ರು, ಮೇಷ್ಟ್ರುಗಳಲ್ಲೂ ಕೆಲವರು ಹಾಗೇ ನಡೆಸಿದ್ರು, ಸ್ಟೂಡೆಂಟ್ಸ್ ಪಕ್ಕದಲ್ಲಿ ಕೂತವನನ್ನ ಗೆಳೆಯ ಅಂತ ನೋಡೋ ಬದಲು ತನ್ನ ಎ ಕಿತ್ಕೊಳ್ಳೋನು ಅಂತ ನೋಡೋಕೆ ಶುರು ಮಾಡಿದ್ರು.

ಫಲಿತಾಂಶ? ಇಳೀತು, ಅದಂತೂ ನಿಜ. 47ರ ಹತ್ತಿರ ಇದ್ದದ್ದು ಮೊದಲ ವರ್ಷವೇ 41ಕ್ಕೆ ಬಂತು, ಆಮೇಲೆ 40ರ ಆಸುಪಾಸಿನಲ್ಲಿ ತೂಗಾಡ್ತು, 35 ಮಾತ್ರ ಇಡೀ ಯೂನಿವರ್ಸಿಟಿಗೆ ಯಾವತ್ತೂ ಮುಟ್ಟಲಿಲ್ಲ. ಮಜಾ ಅಂದ್ರೆ ಸಮಿತಿ ಹಳೇ ಲೆಕ್ಕ ಕೆದಕಿದಾಗ ಇಳಿಕೆ ಶುರುವಾಗಿದ್ದು ನಿಯಮ ಜಾರಿಗೆ ಬರೋ ಮೊದಲೇ, ಇದರ ಬಗ್ಗೆ ಚರ್ಚೆ ಎದ್ದ ಹೊತ್ತಲ್ಲೇ, ಅಂತ ಗೊತ್ತಾಯ್ತು. ಅಂದ್ರೆ ಮೇಷ್ಟ್ರುಗಳಿಗೆ ನಂಬರಿನ ದೊಣ್ಣೆ ಬೇಕಿರಲಿಲ್ಲವೇನೋ, ಕನ್ನಡಿ ತೋರಿಸಿದ್ದೇ ಸಾಕಾಗಿತ್ತೇನೋ.

ಗೇಟಿನ ಹೊರಗೆ

ಅಸಲಿ ವಿಷಯ ಇಲ್ಲಿದೆ. ಗ್ರೇಡು ಕಾಲೇಜಿನ ಒಳಗೆ ಇರೋ ತನಕ ಅದು ಮೇಷ್ಟ್ರಿಗೂ ಸ್ಟೂಡೆಂಟಿಗೂ ನಡುವಿನ ಮಾತು. ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಎಲ್ಲ ಕೋರ್ಸುಗಳ ಗ್ರೇಡು ಇರೋ ಮಾರ್ಕ್ಸ್ ಪಟ್ಟಿ, ಅದರ ಮೇಲೆ ಕೂತು ಗೇಟು ದಾಟಿದ ಕೂಡಲೇ ಅದು ಬೇರೆಯವರ ಕೈಗೆ ಸಿಗುತ್ತೆ, ಅವರಿಗೆ ಆ ಕ್ಲಾಸು ಗೊತ್ತಿಲ್ಲ, ಮೇಷ್ಟ್ರು ಗೊತ್ತಿಲ್ಲ, ಟೇಬಲ್ ಮೇಲೆ ಸಾವಿರಾರು ಫೈಲು.

ಪ್ರಿನ್ಸ್‌ಟನ್‌ಗೆ ಇದು ಗೊತ್ತಿತ್ತು. ಅದಕ್ಕೇ ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಒಂದು ಪತ್ರ ಕಳಿಸ್ತಿದ್ರು, ನಮ್ಮಲ್ಲಿ ಗ್ರೇಡಿಂಗ್ ಹೀಗಿದೆ, ಇದನ್ನ ಗಮನದಲ್ಲಿ ಇಟ್ಕೊಂಡು ಓದಿ ಅಂತ. ನಮ್ಮ ಸ್ಟೂಡೆಂಟ್‌ಗಳಿಗೆ ಮುಂದಿನ ಅಡ್ಮಿಷನ್‌ಗಳಲ್ಲಿ ಏನೂ ತೊಂದರೆ ಆಗಿಲ್ಲ ಅಂತ ಆಡಳಿತ ಪದೇ ಪದೇ ಹೇಳ್ತಾನೂ ಇತ್ತು, ಸ್ಟೂಡೆಂಟ್ಸ್ ನಂಬ್ತಾ ಇರಲಿಲ್ಲ.

ಈಗ ಮೂರು ಫೈಲು ಪಕ್ಕ ಪಕ್ಕ ಇಟ್ಟು ನೋಡೋಣ, ಮೂರೂ ನನ್ನ ಕಲ್ಪನೆಯವು. ವರ್ಷ 2009, ಯಾವುದೋ ಒಳ್ಳೇ ಲಾ ಸ್ಕೂಲ್. ಒಂದು ಪ್ರಿನ್ಸ್‌ಟನ್ ಹುಡುಗಿಯದು, ಇತಿಹಾಸ, ಜಿಪಿಎ 3.41, ಮೇಲೆ ಆ ಪತ್ರ. ಎರಡನೇದು ಅಷ್ಟೇ ಹೆಸರಿನ ಇನ್ನೊಂದು ಖಾಸಗಿ ಕಾಲೇಜಿನ ಹುಡುಗನದು, ಅದೇ ವಿಷಯ, 3.72, ಅವನ ಕಾಲೇಜಲ್ಲಿ ಸರಾಸರಿಯೇ ಅಷ್ಟು, ಆದ್ರೆ ಅದನ್ನ ಹೇಳೋ ಪತ್ರ ಇಲ್ಲ, ಯಾರಾದ್ರೂ ತಾವಾಗೇ ಅಂಥ ಪತ್ರ ಯಾಕೆ ಹಾಕ್ತಾರೆ. ಮೂರನೇದು ಸರ್ಕಾರಿ ಯೂನಿವರ್ಸಿಟಿ ಒಂದರ ಕೆಮಿಕಲ್ ಎಂಜಿನಿಯರಿಂಗ್ ಹುಡುಗಿಯದು, 3.35, ಅವಳ ಡಿಪಾರ್ಟ್‌ಮೆಂಟಲ್ಲಿ ಮೊದಲಿಂದಲೂ ಅರ್ಧ ಕ್ಲಾಸಿಗೆ ಬಿ, ಸಿ ಹಾಕೋದೇ ವಾಡಿಕೆ. ಯಾರೂ ಓಟ್ ಹಾಕಿ ತಂದ ನಿಯಮ ಅಲ್ಲ ಅದು, ಹಾಗೇ ನಡ್ಕೊಂಡು ಬಂದದ್ದು.

ಓದೋರು ಏನ್ಮಾಡ್ತಾರೆ? ಸಂದರ್ಭ ನೋಡಿ ತೂಕ ಹಾಕ್ತಾರೆ, ಅವರೇನು ದಡ್ಡರಾ, ಅಂತ ಎಲ್ಲ ಅಡ್ಮಿಷನ್ ಆಫೀಸುಗಳೂ ಹೇಳೋದು. 2013ರಲ್ಲಿ ಸ್ಯಾಮ್ಯುಯೆಲ್ ಸ್ವಿಫ್ಟ್, ಡಾನ್ ಮೂರ್ ಮತ್ತೆ ಇನ್ನಿಬ್ಬರು ಸೇರಿ ಪ್ಲಾಸ್ ವನ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನೇ ಪರೀಕ್ಷೆಗೆ ಒಡ್ಡಿತ್ತು. ಅಡ್ಮಿಷನ್ ಕೆಲಸವನ್ನೇ ಮಾಡೋ ಜನರ ಕೈಗೆ ಅರ್ಜಿದಾರರ ಜಿಪಿಎ ಕೊಟ್ಟು, ಆ ಕಾಲೇಜಿನ ಸರಾಸರಿ ಜಿಪಿಎಯನ್ನೂ ಕಣ್ಣೆದುರಿಗೇ ಇಟ್ರು. ಆದ್ರೂ ಧಾರಾಳ ಕಾಲೇಜಿಂದ ಬಂದವರೇ ಮುಂದೆ ಹೋದ್ರು. ಆಮೇಲೆ ನಾಲ್ಕು ಬಿಸಿನೆಸ್ ಸ್ಕೂಲುಗಳ 30 ಸಾವಿರಕ್ಕೂ ಮೀರಿದ ನಿಜವಾದ ಅಡ್ಮಿಷನ್ ತೀರ್ಮಾನಗಳನ್ನ ತೆಗೆದು ನೋಡಿದಾಗಲೂ ಅದೇ ಒಲವು. ಮನುಷ್ಯರ ಸ್ವಭಾವ ಅದು, ಸುಲಭದ ಪರೀಕ್ಷೇಲಿ 90 ತೆಗೆದವನು ಕಷ್ಟದ ಪರೀಕ್ಷೇಲಿ 75 ತೆಗೆದವನಿಗಿಂತ ಬುದ್ಧಿವಂತ ಅಂತ ಕಣ್ಣು ಮೊದಲು ಹೇಳುತ್ತೆ, ಆಮೇಲೆ ಮೆದುಳು ತಿದ್ದೋಕೆ ಹೋದ್ರೂ ಪೂರ್ತಿ ತಿದ್ದಲ್ಲ. ಆ ಅಧ್ಯಯನ ಮಾಡಿದ ನಾಲ್ವರಲ್ಲಿ ಒಬ್ಬರ ಬೇರೆ ಪೇಪರುಗಳ ಮೇಲೆ ಮುಂದೆ ಡೇಟಾ ತಿರುಚಿದ ಆರೋಪ ಬಂತು, ಅಂತ ಯಾರಾದ್ರೂ ಕೇಳೋ ಮುಂಚೆ ನಾನೇ ಹೇಳ್ಬಿಡ್ತೀನಿ, ಆರೋಪ ಬಂದ ಆ ನಾಲ್ಕು ಪೇಪರಿನ ಪಟ್ಟೀಲಿ ಇದು ಇರಲಿಲ್ಲ.

ಇದು ತಪ್ಪು ತಿಳುವಳಿಕೆ ಮಾತ್ರ ಆಗಿದ್ರೆ ಟ್ರೇನಿಂಗ್ ಕೊಟ್ಟು ಸರಿ ಮಾಡಬಹುದಿತ್ತು. ಅದರ ಹಿಂದೆ ಸ್ವಾರ್ಥವೂ ಇದೆ. ಯುಎಸ್ ನ್ಯೂಸ್ ಪತ್ರಿಕೆ ಲಾ ಸ್ಕೂಲುಗಳಿಗೆ ರ‍್ಯಾಂಕ್ ಕೊಡೋವಾಗ ಸೇರಿದ ಸ್ಟೂಡೆಂಟ್ಸ್‌ನ ಮೀಡಿಯನ್ (ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ರೆ ನಟ್ಟ ನಡುವಿನವರ) ಜಿಪಿಎ ಮತ್ತು ಲಾ ಸ್ಕೂಲ್ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನ ಮೀಡಿಯನ್ ಸ್ಕೋರನ್ನ ಲೆಕ್ಕಕ್ಕೆ ತಗೊಳ್ಳುತ್ತೆ, ಅಲ್ಲಿ 3.9 ಅಂದ್ರೆ 3.9, ಯಾವ ಕಾಲೇಜು, ಯಾವ ಡಿಪಾರ್ಟ್‌ಮೆಂಟು ಅಂತ ಕೇಳಲ್ಲ. ಈಗ ಅಡ್ಮಿಷನ್ ಆಫೀಸರ್ ಜಾಗದಲ್ಲಿ ಕೂತು ಯೋಚಿಸಿ. ಪ್ರಿನ್ಸ್‌ಟನ್ ಹುಡುಗಿಯ 3.41 ಬೇರೆ ಕಡೆಯ 3.72ಕ್ಕೆ ಸಮ ಅಂತ ಅವರಿಗೆ ಪೂರ್ತಿ ಗೊತ್ತು, ಪತ್ರಾನೂ ಓದಿದ್ದಾರೆ, ಆದ್ರೂ ಅವಳನ್ನ ಸೇರಿಸ್ಕೊಂಡ್ರೆ ಸ್ಕೂಲಿನ ಮೀಡಿಯನ್‌ಗೆ ಏಟು, ಅವನನ್ನ ಸೇರಿಸ್ಕೊಂಡ್ರೆ ಏಟಿಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಇತ್ತೀಚೆಗೆ ಆ ರ‍್ಯಾಂಕಿಂಗಲ್ಲಿ ಜಿಪಿಎ ತೂಕ ಇಳಿಸಿದ್ದಾರೆ, 2022ರ ನವೆಂಬರ್‌ನಲ್ಲಿ ಯೇಲ್ ಮತ್ತು ಹಾರ್ವರ್ಡ್ ಲಾ ಸ್ಕೂಲುಗಳು ನಾವು ಇದಕ್ಕೆ ಮಾಹಿತಿ ಕೊಡಲ್ಲ ಅಂತ ಹೊರಗೆ ಬಂದ್ವು, ಅದೆಲ್ಲ ಸರಿ, ಪ್ರಿನ್ಸ್‌ಟನ್ ಪ್ರಯೋಗ ನಡೀತಿದ್ದ ಕಾಲದಲ್ಲಿ ಅದ್ಯಾವುದೂ ಇರಲಿಲ್ಲ.

ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್ ಅಂತ ಒಂದು ಸಂಸ್ಥೆ ಇದೆ, ಎಲ್ಲರ ಟ್ರಾನ್ಸ್‌ಕ್ರಿಪ್ಟನ್ನೂ ತರಿಸಿ ತನ್ನದೇ ಸೂತ್ರದಲ್ಲಿ ಜಿಪಿಎ ಮತ್ತೆ ಲೆಕ್ಕ ಹಾಕಿ ಲಾ ಸ್ಕೂಲುಗಳಿಗೆ ಕಳಿಸುತ್ತೆ. ನ್ಯಾಯವಾಗಿ ಹೇಳಬೇಕು ಅಂದ್ರೆ ಆ ವರದಿಯಲ್ಲಿ ಅದೇ ಕಾಲೇಜಿಂದ ಅರ್ಜಿ ಹಾಕಿದ ಉಳಿದವರ ಸರಾಸರಿ ಜಿಪಿಎ, ಸರಾಸರಿ ಎಲ್‌ಸ್ಯಾಟ್, ಅವರ ನಡುವೆ ಈ ಅರ್ಜಿದಾರ ಎಲ್ಲಿ ನಿಲ್ತಾನೆ ಅನ್ನೋದೂ ಇರುತ್ತೆ, ಅಂದ್ರೆ ಸಂದರ್ಭ ಸಿಗೋದೇ ಇಲ್ಲ ಅಂತ ಯಾರೂ ನೆಪ ಹೇಳೋ ಹಾಗಿಲ್ಲ. ಅದೇ ಸಂಸ್ಥೆಯ ಸೂತ್ರದಲ್ಲಿ ಇನ್ನೊಂದು ಚೋದ್ಯ ಇದೆ, ಎ ಪ್ಲಸ್‌ಗೆ 4.33. ಮೂವತ್ತು ಕೋರ್ಸಲ್ಲಿ ಆರು ಎ ಪ್ಲಸ್, ಉಳಿದ ಇಪ್ಪತ್ನಾಲ್ಕು ಎ ತಗೊಂಡವನಿಗೆ ಅಲ್ಲಿ 4.07 ಬೀಳುತ್ತೆ. ಹಾರ್ವರ್ಡ್ ಕಾಲೇಜಲ್ಲಿ ಎ ಪ್ಲಸ್ ಅನ್ನೋ ಗ್ರೇಡೇ ಇಲ್ಲ, ಅಲ್ಲಿನವನು ತಲೆಕೆಳಗಾಗಿ ನಿಂತ್ರೂ 4.00 ದಾಟಲ್ಲ. ಇಷ್ಟು ದಿನ ಧಾರಾಳಿ ಅಂತ ಬೈಸ್ಕೊಂಡವರೂ ಒಂದು ಕಡೆ ಸೋಲ್ತಾರೆ, ನೋಡಿ.

ಮೂರನೇ ಫೈಲನ್ನ ಮರೆತ್ರಾ? ಈ ಚರ್ಚೇಲಿ ಎಲ್ಲರೂ ಮರೀತಾರೆ. ಪ್ರಿನ್ಸ್‌ಟನ್ ಹುಡುಗಿಗೆ ಅನ್ಯಾಯ ಆಯ್ತು ಅಂತ ಹತ್ತು ವರ್ಷ ಪೇಪರುಗಳಲ್ಲಿ ಬರೆದ್ರು, ಅವಳ ಹಿಂದೆ ಪತ್ರ ಬರೆಯೋಕೆ ಒಂದು ಯೂನಿವರ್ಸಿಟಿ ಇತ್ತು, ಆ ಪತ್ರ ಓದೋಕೆ ಜನ ಇದ್ರು, ಪ್ರಿನ್ಸ್‌ಟನ್ ಅನ್ನೋ ಹೆಸರಿತ್ತು. ಸರ್ಕಾರಿ ಯೂನಿವರ್ಸಿಟಿಯ ಕೆಮಿಕಲ್ ಎಂಜಿನಿಯರಿಂಗ್ ಹುಡುಗಿ ಅದಕ್ಕಿಂತ ಬಿಗಿಯಾದ ಗ್ರೇಡಿಂಗಲ್ಲಿ ಬಂದಿದ್ರೂ ಅವಳ 3.35ನ್ನ ವಿವರಿಸೋ ಪತ್ರ ಯಾರೂ ಬರೀಲಿಲ್ಲ. ಬರೆದಿದ್ರೂ ಅದೇ ಗೌರವದಿಂದ ಓದ್ತಿದ್ರಾ ಅನ್ನೋದು ಅನುಮಾನ. ಶಂಖದಿಂದ ಬಂದ್ರೇ ತೀರ್ಥ.

ನಮ್ಮ ಮಕ್ಕಳೇ ಜಾಣರು ಅನ್ನೋ ವಾದ

ಇದನ್ನ ತಳ್ಳಿಹಾಕೋಕೆ ಆಗಲ್ಲ. ದೊಡ್ಡ ಕಾಲೇಜುಗಳು ಹೇಳೋದು, ನಾವು ಅರ್ಜಿ ಹಾಕಿದವರಲ್ಲಿ ನೂರಕ್ಕೆ ನಾಲ್ಕೈದು ಜನರನ್ನ ಆರಿಸ್ಕೋತೀವಿ, ಅವರೆಲ್ಲ ಮೊದಲೇ ಎ ತೆಗೆಯೋ ಮಕ್ಕಳು, ಇಲ್ಲಿ ಬಂದ್ಮೇಲೆ ಅವರಲ್ಲಿ ಮುಕ್ಕಾಲು ಜನಕ್ಕೆ ಬಿ ಹಾಕಿದ್ರೆ ಅದೇ ಸುಳ್ಳಾಗುತ್ತೆ, ಬೇರೆ ಕಡೆ ಇದ್ದಿದ್ರೆ ಇವರು ಕ್ಲಾಸಿಗೇ ಫಸ್ಟ್ ಬರೋರು. ಪ್ರಿನ್ಸ್‌ಟನ್ ಸ್ಟೂಡೆಂಟ್ಸ್ ಕೂಡ 2004ರಿಂದ ಇದನ್ನೇ ಹೇಳಿದ್ದು. ಒಂದು ಮಟ್ಟಕ್ಕೆ ಸರಿ. ಎಲ್‌ಸ್ಯಾಟ್‌ನಂಥ ಹೊರಗಿನ ಪರೀಕ್ಷೇಲಿ ಆ ಕಾಲೇಜಿನ ಮಕ್ಕಳು ಸರಾಸರಿಗಿಂತ ಮೇಲಿದ್ರೆ ಅವರ ಜಿಪಿಎ ಸರಾಸರಿಯೂ ಸ್ವಲ್ಪ ಮೇಲಿರೋದು ಮೋಸ ಅಲ್ಲ.

ಆದ್ರೆ ಈ ವಾದ ಮಟ್ಟವನ್ನ ವಿವರಿಸುತ್ತೆ, ಏರಿಕೆಯನ್ನಲ್ಲ. ಹಾರ್ವರ್ಡಿನದ್ದೇ ವರದಿ ಪ್ರಕಾರ ಅಲ್ಲಿನ ಸರಾಸರಿ ಜಿಪಿಎ 2002–03ರಲ್ಲಿ 3.41 ಇದ್ದದ್ದು 2020–21ಕ್ಕೆ 3.80 ಆಯ್ತು, ಎ ಗುಂಪಿನ ಗ್ರೇಡುಗಳು 79 ಪರ್ಸೆಂಟ್. ಯೇಲ್‌ನಲ್ಲಿ 2022–23ರಲ್ಲಿ ಸುಮಾರು ಅಷ್ಟೇ, 79ರ ಹತ್ತಿರ, ಸರಾಸರಿ 3.70, ಇದನ್ನ ಲೆಕ್ಕ ಹಾಕಿದ್ದು ಅಲ್ಲಿನವರೇ ಆದ ಅರ್ಥಶಾಸ್ತ್ರದ ಮೇಷ್ಟ್ರು ರೇ ಫೇರ್. 2002ರಲ್ಲಿ ಹಾರ್ವರ್ಡ್ ಸೇರಿದವರೇನು ಹೆಡ್ಡರಾಗಿದ್ರಾ? ಇಪ್ಪತ್ತು ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಬೆಳೆದಿದ್ರೆ ಸಂತೋಷ, ಆದ್ರೆ ಆ ವಾದ ಮಾಡೋರೂ ಅದನ್ನ ಪೂರ್ತಿ ನಂಬಲ್ಲ ಅಂತ ನನಗನ್ಸುತ್ತೆ. ಇನ್ನೊಂದು, ಜಾಣರನ್ನೇ ಆರಿಸಿದ್ದೀವಿ ಅನ್ನೋ ಲಾಭ ಕಾಲೇಜಿನ ಹೆಸರಲ್ಲೇ ಸಿಕ್ಕಾಯ್ತು, ಅಡ್ಮಿಷನ್ ಆಫೀಸರ್ ಆ ಹೆಸರು ನೋಡಿದ ಕೂಡಲೇ ಅದಕ್ಕೆ ಬೆಲೆ ಕಟ್ಟಿರ್ತಾರೆ, ಅದೇ ಜಾಣತನಕ್ಕೆ ಜಿಪಿಎಯಲ್ಲೂ ಇನ್ನೊಂದು ಸಲ ಬೆಲೆ ವಸೂಲಿ ಮಾಡಿದ್ರೆ ಉಂಡೂ ಹೋದ ಕೊಂಡೂ ಹೋದ ಅಂತಾಗುತ್ತೆ.

ಬೇರೆಯವರು ಏನು ಮಾಡಿ ನೋಡಿದ್ರು

ವೆಲ್ಸ್‌ಲಿ ಕಾಲೇಜು ಅದೇ 2004ರಲ್ಲಿ ಇನ್ನೊಂದು ದಾರಿ ಹಿಡೀತು, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕೆಳಗಿನ ಹಂತದ ಕ್ಲಾಸುಗಳಲ್ಲಿ ಸರಾಸರಿ ಬಿ ಪ್ಲಸ್ ದಾಟಬಾರದು ಅಂತ. ಮುಂದೆ ಅಲ್ಲಿನ ಅರ್ಥಶಾಸ್ತ್ರದ ಮೇಷ್ಟ್ರುಗಳೇ ಕೂತು ಪರಿಣಾಮ ಅಳೆದು 2014ರಲ್ಲಿ ಪ್ರಕಟಿಸಿದ್ರು. ಗ್ರೇಡ್ ಇಳೀತು, ಜೊತೆಗೆ ಗ್ರೇಡ್ ಬಿಗಿ ಮಾಡಿದ ಡಿಪಾರ್ಟ್‌ಮೆಂಟುಗಳಿಗೆ ಸೇರೋರೂ ಕಮ್ಮಿ ಆದ್ರು, ಆ ಮೇಷ್ಟ್ರುಗಳಿಗೆ ಸ್ಟೂಡೆಂಟ್ಸ್ ಕೊಡೋ ರೇಟಿಂಗೂ ಬಿತ್ತು, ಕಪ್ಪು ಸಮುದಾಯದ ಸ್ಟೂಡೆಂಟ್ಸ್‌ಗೆ ಏಟು ಉಳಿದವರಿಗಿಂತ ಜೋರಾಗೇ ಬಿತ್ತು. ಬಿಗಿ ಗ್ರೇಡಿಂಗ್ ಅಂದ ಮಾತ್ರಕ್ಕೆ ನ್ಯಾಯ ಅಂತ ಕೂಗೋರು ಈ ಕೊನೇದನ್ನ ಇನ್ನೊಂದು ಸಲ ಓದಿ.

ಕಾರ್ನೆಲ್ ಗ್ರೇಡಿಗೆ ಮಿತಿ ಹಾಕಲಿಲ್ಲ, ಪ್ರತಿ ಕೋರ್ಸಿನ ಮೀಡಿಯನ್ ಗ್ರೇಡನ್ನ 1998ರಿಂದ ಇಂಟರ್ನೆಟ್ಟಲ್ಲಿ ಹಾಕೋಕೆ ಶುರು ಮಾಡ್ತು. ಓದೋರಿಗೆ ಸಂದರ್ಭ ಸಿಗಲಿ ಅಂತ ಉದ್ದೇಶ, ಆದ್ರೆ ಮೊದಲು ಓದಿದ್ದು ಸ್ಟೂಡೆಂಟ್ಸ್, ಎಲ್ಲಿ ಎ ಸುಲಭ ಅಂತ ಪಟ್ಟಿ ನೋಡ್ಕೊಂಡು ಅಲ್ಲಿಗೇ ನುಗ್ಗಿದ್ರು! ಮೀಡಿಯನ್‌ಗಳನ್ನ ಟ್ರಾನ್ಸ್‌ಕ್ರಿಪ್ಟ್ ಮೇಲೆ ಹಾಕೋದು ಮಾತ್ರ ಹತ್ತು ವರ್ಷ ತಡವಾಗಿ ಶುರುವಾಯ್ತು. ಮದ್ದಿಗಿಂತ ಮೊದಲು ರೋಗವೇ ಹಂಚಿದ ಹಾಗೆ. 2011ರಲ್ಲಿ ಆ ಪಟ್ಟಿ ಹಾಕೋದು ನಿಲ್ಲಿಸಿದ್ರು. ಡಾರ್ಟ್‌ಮತ್ ಮಾತ್ರ 90ರ ದಶಕದ ನಡುವಿಂದ ಟ್ರಾನ್ಸ್‌ಕ್ರಿಪ್ಟಲ್ಲೇ ಪ್ರತಿ ಗ್ರೇಡಿನ ಪಕ್ಕ ಆ ಕ್ಲಾಸಿನ ಮೀಡಿಯನ್ ಎಷ್ಟು, ಎಷ್ಟು ಜನ ಇದ್ರು ಅಂತ ಅಚ್ಚು ಹಾಕ್ತಿದೆ. ನನ್ನ ಕೇಳಿದ್ರೆ ಇದೇ ಎಲ್ಲಕ್ಕಿಂತ ಮರ್ಯಾದಸ್ತ ದಾರಿ, ಎ ಮೈನಸ್ ತಗೊಂಡ ಕಡೆ ಇಡೀ ಕ್ಲಾಸಿನ ಮೀಡಿಯನ್ ಎ ಅಂತ ಪಕ್ಕದಲ್ಲೇ ಬರೆದಿದ್ರೆ ಯಾವ ಪತ್ರವೂ ಬೇಡ. ಆದ್ರೆ ಅದನ್ನ ಒಂದೇ ಕಾಲೇಜು ಮಾಡಿದ್ರೆ ಮತ್ತೆ ಅದೇ ಕಥೆ.

2014

2013ರಲ್ಲಿ ಪ್ರಿನ್ಸ್‌ಟನ್‌ಗೆ ಹೊಸ ಅಧ್ಯಕ್ಷರಾಗಿ ಬಂದ ಕ್ರಿಸ್ಟೋಫರ್ ಐಸ್‌ಗ್ರೂಬರ್ ಬಂದ ಕೆಲವೇ ತಿಂಗಳಲ್ಲಿ ಈ ಪಾಲಿಸಿ ಪರಿಶೀಲನೆಗೆ ಸಮಿತಿ ಮಾಡಿದ್ರು, ಎಂಜಿನಿಯರಿಂಗ್ ಮೇಷ್ಟ್ರು ಕ್ಲಾರೆನ್ಸ್ ರೌಲಿ ಅದರ ಮುಖ್ಯಸ್ಥರು. 2014ರ ಆಗಸ್ಟಲ್ಲಿ ವರದಿ ಬಂತು, ನಂಬರಿನ ಗುರಿ ತೆಗೀರಿ, ಪ್ರತಿ ಡಿಪಾರ್ಟ್‌ಮೆಂಟೂ ಯಾವ ಕೆಲಸಕ್ಕೆ ಯಾವ ಗ್ರೇಡು ಅನ್ನೋ ತನ್ನ ಮಾನದಂಡವನ್ನ ತಾನೇ ಬರೆದಿಟ್ಕೊಳ್ಳಲಿ ಅಂತ. ಕಾರಣಗಳಲ್ಲಿ ಸ್ಟೂಡೆಂಟ್ಸ್‌ನ ಒತ್ತಡ ಇತ್ತು, ಕೋಟಾ ಅನ್ನೋ ತಪ್ಪು ಕಲ್ಪನೆ ಇತ್ತು, ಹೈಸ್ಕೂಲ್ ಮಕ್ಕಳು ಪ್ರಿನ್ಸ್‌ಟನ್ ಆರಿಸ್ಕೊಳ್ಳೋಕೇ ಹಿಂಜರೀತಿದ್ದಾರೆ ಅನ್ನೋ ಚಿಂತೆಯೂ ಇತ್ತು. ಈ ಕೊನೇದು ಚುಚ್ಚುತ್ತೆ. ಗ್ರೇಡು ಪ್ರಾಮಾಣಿಕವಾಗಿ ಹಾಕೋಣ ಅಂತ ಹೊರಟ ಕಾಲೇಜಿಗೆ ಹೊರಗೆ ಹೋಗೋ ಗೇಟಲ್ಲೂ ಪೆಟ್ಟು, ಒಳಗೆ ಬರೋ ಗೇಟಲ್ಲೂ ಪೆಟ್ಟು, ಪಕ್ಕದ ಕಾಲೇಜುಗಳು ಏನೂ ಮಾಡದೆ ಕೂತಿದ್ದಕ್ಕೇ ಲಾಭ. ನಾವು ಮುಂದೆ ಹೋದ್ರೆ ಉಳಿದವರು ಹಿಂದೆ ಬರ್ತಾರೆ ಅಂದ್ಕೊಂಡಿದ್ರಲ್ಲ, ತಿರುಗಿ ನೋಡಿದಾಗ ಹಿಂದೆ ಯಾರೂ ಇರಲಿಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಮಾಲ್ಕೀಲ್ ರೋಗ ಸರಿಯಾಗೇ ಹಿಡಿದ್ರು, ಮದ್ದು ಕೊಟ್ಟದ್ದು ತಪ್ಪು ರೋಗಿಗೆ. ಗ್ರೇಡು ಬರೆಯೋರಿಗೆ ನಿಯಮ ಹಾಕಿದ್ರು, ಗ್ರೇಡು ಓದೋರಿಗೆ ಯಾವ ನಿಯಮವೂ ಇರಲಿಲ್ಲ. ಅಡ್ಮಿಷನ್‌ನಲ್ಲಿ ಅನ್ಯಾಯ ಆಗೋದು ಹಾರ್ವರ್ಡ್ ಮೇಷ್ಟ್ರು ಎ ಕೊಟ್ಟಾಗ ಅಲ್ಲ, ಆ ಎ ಮತ್ತು ಇನ್ನೆಲ್ಲೋ ಸಿಕ್ಕ ಬಿ ಪ್ಲಸ್ಸನ್ನ ಒಂದೇ ತಕ್ಕಡಿಯಲ್ಲಿ ಕಲ್ಲು ಬದಲಾಯಿಸದೆ ತೂಗಿದಾಗ. ಹಾಗಂತ ಕೊಡೋರದ್ದೇನೂ ತಪ್ಪಿಲ್ಲ ಅಂತಲೂ ಅಲ್ಲ. ಎಲ್ಲರಿಗೂ ಎ ಅಂದ್ರೆ ಮೂವತ್ತೆರಡು ಕೋರ್ಸಲ್ಲಿ ಎರಡು ಬಿ ಪ್ಲಸ್ ಬಂದವನ ಜಿಪಿಎ 3.96, ಒಂದೂ ಬರದವನದ್ದು 4.00, ಆ ನಾಲ್ಕು ಪೈಸೆ ವ್ಯತ್ಯಾಸದ ಮೇಲೆ ಯಾರು ಮೇಲು ಅಂತ ತೀರ್ಮಾನ ಮಾಡೋಕಾಗುತ್ತಾ, ಅದು ಒಂದು ಜ್ವರದ ವಾರ ಇರಬಹುದು, ಒಬ್ಬ ಬಿಗಿ ಮೇಷ್ಟ್ರಿರಬಹುದು. ಗ್ರೇಡು ಏನೂ ಹೇಳ್ದೇ ಹೋದಾಗ ಓದೋರು ಬೇರೆ ಕಡೆ ನೋಡ್ತಾರೆ, ಶಿಫಾರಸು ಪತ್ರ ಯಾರು ಬರೆದಿದ್ದಾರೆ, ಬೇಸಿಗೇಲಿ ಎಲ್ಲಿ ಇಂಟರ್ನ್‌ಶಿಪ್ ಮಾಡಿದ, ಯಾವ ಕ್ಲಬ್ಬಲ್ಲಿ ಇದ್ದ. ಇವೆಲ್ಲ ಯಾರ ಹತ್ರ ಇರ್ತವೆ ಅಂತ ಬಿಡಿಸಿ ಹೇಳ್ಬೇಕಾ? ದುಡಿದು ಓದೋ ಸ್ಟೂಡೆಂಟ್‌ಗೆ ತಾನು ಶ್ರೀಮಂತರ ಮಗನಿಗಿಂತ ಒಂದು ಕೈ ಮೇಲು ಅಂತ ಕಾಗದದ ಮೇಲೆ ತೋರಿಸೋಕೆ ಇದ್ದ ಒಂದೇ ದಾರಿ ಗ್ರೇಡು, ದೊಡ್ಡ ಕಾಲೇಜಿನ ಒಳಗೇ ಇರೋ ಬಡ ಸ್ಟೂಡೆಂಟ್‌ಗೂ ಅಷ್ಟೇ. ಈ ಉಬ್ಬರದಿಂದ ದೊಡ್ಡ ಕಾಲೇಜಿನವರಿಗೆಲ್ಲ ಲಾಭ ಅನ್ನೋರಿಗೆ ಈ ಸ್ಟೂಡೆಂಟ್ ಕಾಣಲ್ಲ.

ಪ್ರಿನ್ಸ್‌ಟನ್‌ನಲ್ಲಿ ಮಿತಿ ತೆಗೆದ್ಮೇಲೆ ಎ ಪ್ರಮಾಣ ಮತ್ತೆ ಏರೋಕೆ ಶುರುವಾಯ್ತು, ಅದರಲ್ಲಿ ಆಶ್ಚರ್ಯ ಏನಿಲ್ಲ. 2025ರ ಅಕ್ಟೋಬರ್‌ನಲ್ಲಿ ಹಾರ್ವರ್ಡಿನ ಡೀನ್ ಅಮಾಂಡಾ ಕ್ಲೇಬಾ ಒಂದು ವರದಿ ಹೊರಗೆ ಬಿಟ್ರು, ಅಲ್ಲಿ ಕೊಡೋ ಗ್ರೇಡುಗಳಲ್ಲಿ 60 ಪರ್ಸೆಂಟ್‌ಗೂ ಮೇಲೆ, ಎ ಮೈನಸ್ ಬಿಟ್ಟು, ಬರೀ ಎ, ಇಪ್ಪತ್ತು ವರ್ಷದ ಹಿಂದೆ 25 ಇತ್ತು, ಹೀಗೇ ಬಿಟ್ರೆ ಆಗಲ್ಲ ಅಂತ. ಪ್ರಿನ್ಸ್‌ಟನ್ 2004ರಲ್ಲಿ ಕೇಳಿದ ಪ್ರಶ್ನೆಗೆ ಪಕ್ಕದ ಮನೆಯವರು ಬಾಗಿಲು ತೆಗೆದದ್ದು ಇಪ್ಪತ್ತೊಂದು ವರ್ಷಕ್ಕೆ.

ಆ ಹತ್ತು ವರ್ಷದ ಗ್ರೇಡುಗಳನ್ನ ಮಾತ್ರ ಯಾರೂ ತಿದ್ದಲಿಲ್ಲ, ತಿದ್ದೋಕೂ ಬರಲ್ಲ. 2010ರಲ್ಲಿ ಡಿಗ್ರಿ ಮುಗಿಸಿ ಕೆಲವು ವರ್ಷ ಕೆಲಸ ಮಾಡಿ 2018ರಲ್ಲಿ ಲಾ ಸ್ಕೂಲಿಗೆ ಅರ್ಜಿ ಹಾಕಿದವಳ ಟ್ರಾನ್ಸ್‌ಕ್ರಿಪ್ಟೂ, ಅದೇ ವರ್ಷ ಡಿಗ್ರಿ ಮುಗಿಸಿದವನ ಟ್ರಾನ್ಸ್‌ಕ್ರಿಪ್ಟೂ ಒಂದೇ ಟೇಬಲ್ ಮೇಲೆ ಬಿದ್ದಿರುತ್ತವೆ, ಎರಡರ ತಲೆಬರಹದಲ್ಲೂ ಪ್ರಿನ್ಸ್‌ಟನ್ ಅಂತಲೇ ಇರುತ್ತೆ, ಅವಳ ಐದನೇ ಪೇಪರಿನ ಬಿ ಪ್ಲಸ್ ಇನ್ನೂ ಬಿ ಪ್ಲಸ್ ಆಗೇ ಇರುತ್ತೆ.